ಹದಿನಾಲ್ಕನೆಯ ಚೀಲ

ಮೊದಲ ವಾರದ ಚೀಲಗಳಲ್ಲಿ ಬಾಟಲಿಗಳು ಇಲ್ಲವೆಂದೇ ಹೇಳಬೇಕು. ನಲವತ್ತು ಮನೆಗಳಿಗೆ ನಲವತ್ತು ಹಳದಿ ಚೀಲ ಕೊಟ್ಟಿದ್ದೆ. ಎಂಟನೆಯ ದಿನ ಅವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದು, ಪಂಚಾಯತಿಯ ಹಳೆಯ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹಾಸಿ, ಒಂದೊಂದಾಗಿ ಸುರುವಿದೆ. ಬಿಸ್ಕಿಟ್ಟಿನ ಕಾಗದ, ಶಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಹರಿದ ಚಪ್ಪಲಿ. ಹಸಿ ಕಸ ಬೇಡವೆಂದು ಹೇಳಿದ್ದರೂ ಉಳ್ಳಾಗಡ್ಡಿ ಸಿಪ್ಪೆ ಬಂದಿತ್ತು. ತಂಪು ಪಾನೀಯದ ಬಾಟಲಿಗಳು ಮಾತ್ರ ನಲವತ್ತು ಚೀಲಕ್ಕೆ ಸೇರಿ ಹನ್ನೊಂದು. ಬಸ್ಸು ನಿಲ್ಲುವಲ್ಲಿದ್ದ ಅಂಗಡಿಯ ಫ್ರಿಜ್ಜು ಎರಡು ದಿನಕ್ಕೊಮ್ಮೆ ಖಾಲಿಯಾಗುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆ ಬಾಟಲಿಗಳೆಲ್ಲ ಎಲ್ಲಿ ಹೋದವು?

ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೊಲಕ್ಕೆ ಹೊರಟ ಹೆಂಗಸರ ಬುಟ್ಟಿಗಳಲ್ಲಿ ಅವು ನೀರು ತುಂಬಿಕೊಂಡು ಸಾಲಾಗಿ ಕೂತಿದ್ದವು. ಒಬ್ಬಾಕೆ ನನ್ನ ಮುಖ ನೋಡಿ ನಕ್ಕಳು.

"ಇಷ್ಟ ಗಟ್ಟಿ ಬಾಟ್ಲಿ ಯಾರರ ಒಗೀತಾರೇನ್ರಿ? ನೀರಿಗೆ ಬರ್ತಾವು, ಎಣ್ಣಿಗೆ ಬರ್ತಾವು."

ಕೆಲಸ ಹೀಗಿತ್ತು. ಗ್ಯಾಸು ತುಂಬಿದ ಸಿಹಿ ಪಾನೀಯಗಳಿಗೆ ನಮ್ಮಲ್ಲಿ ಎಲ್ಲಕ್ಕಿಂತ ಮೇಲಿನ ದರದ ತೆರಿಗೆ ಇದೆ. ತೆರಿಗೆ ಹಾಕಿದರೆ ಹಳ್ಳಿಯ ಜನ ಅವನ್ನು ಕುಡಿಯುವುದು ನಿಜವಾಗಿಯೂ ಕಡಿಮೆಯಾಗುತ್ತದೆಯೇ ಎಂದು ತಿಳಿಯಲು ಒಂದು ಸಂಸ್ಥೆ ಅಧ್ಯಯನ ನಡೆಸಿತ್ತು. ಜನರನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾರೆ, ಇಲ್ಲವೇ ನಾಚಿಕೊಂಡು ಕಡಿಮೆ ಹೇಳುತ್ತಾರೆ. ಆದ್ದರಿಂದ ಪ್ರಶ್ನೆ ಕೇಳುವುದರ ಜೊತೆಗೆ ಮನೆಯ ಒಣ ಕಸವನ್ನೂ ಎಣಿಸಬೇಕೆಂದು ತೀರ್ಮಾನವಾಗಿತ್ತು. ಎಣಿಸಲು ನೇಮಕವಾದವಳು ನಾನು. ನವಲಗುಂದದಿಂದ ಯಮನೂರು ದಾಟಿ ಇನ್ನಷ್ಟು ಒಳಗೆ ಹೋದರೆ ಸಿಗುವ ಊರು ಅದು. ಹೆಸರು ಬೇಡ.

ಬಾಟಲಿ ಬಾರದಿದ್ದರೆ ಲೇಬಲ್ಲಾದರೂ ಬರಲಿ ಎಂದು ಮತ್ತೆ ಮನೆಮನೆಗೆ ಹೋದೆ. "ಬಾಟ್ಲಿ ನೀವ ಇಟಗೋರಿ. ಮೈಮ್ಯಾಲಿನ ಕಾಗದ ಹರದ ಚೀಲದಾಗ ಹಾಕ್ರಿ, ಅಷ್ಟ ಸಾಕು," ಎಂದು ಹೇಳಿ ಬಂದೆ. ಎರಡನೆಯ ವಾರ ಲೇಬಲ್ಲುಗಳು ಬಂದವು. ಪ್ರತಿಯೊಂದನ್ನೂ ಹಲಗೆಯ ಮೇಲೆ ನೀಟಾಗಿ ಬಿಡಿಸಿ, ಪಕ್ಕದಲ್ಲಿ ಆ ಮನೆಯ ನಂಬರಿನ ಚೀಟಿ ಇಟ್ಟು ಫೋಟೋ ತೆಗೆಯುವುದು. ಯಾವ ಬಗೆ, ಎಷ್ಟು ಮಿಲಿ ಎಂದು ನಮೂನೆಯಲ್ಲಿ ತುಂಬುವುದು. ಮತ್ತೊಮ್ಮೆ ಎಣಿಕೆಗೆ ಬರದಂತೆ ಮೂಲೆ ಕತ್ತರಿಸುವುದು. ನಲವತ್ತು ಚೀಲ ಮುಗಿಯಲು ಎರಡು ದಿನ ಹಿಡಿಯುತ್ತಿತ್ತು. ಇರುವೆ ಹತ್ತಿದ ಚೀಲವನ್ನು ಮೊದಲು ಬಿಚ್ಚುತ್ತಿದ್ದೆ. ಇರುವೆ ಇದ್ದಲ್ಲಿ ಸಕ್ಕರೆ ಇದ್ದೇ ಇರುತ್ತದೆ.

ಚೀಲಗಳನ್ನು ಬೆಳಿಗ್ಗೆಯೇ ಎತ್ತಬೇಕಾಗಿದ್ದರಿಂದ ಬಸ್ಸಿಗೆ ಓಡಾಡುವುದು ಆಗುತ್ತಿರಲಿಲ್ಲ. ಹಳೆಯ ಸೊಸೈಟಿ ಕಟ್ಟಡದ ಹಿಂದಿನ ಕೋಣೆಯಲ್ಲಿ ಇದ್ದೆ. ಮೊದಲ ಸಲ ಚೀಲ ಹಂಚಲು ಹೋದಾಗ ಏಳೆಂಟು ಮನೆಗಳಲ್ಲಿ ಚಹಾ ಕೊಟ್ಟಿದ್ದರು. ಕಸ ಎತ್ತಲು ಶುರುಮಾಡಿದ ಮೇಲೆ ಚಹಾ ಕಾಗದದ ಕಪ್ಪಿನಲ್ಲಿ ಬಂತು. ಆಮೇಲೆ ಅದೂ ನಿಂತಿತು. ಶನಿವಾರ ನನ್ನ ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ಬಾಜೂ ಸೀಟು ಖಾಲಿಯೇ ಇರುತ್ತಿತ್ತು. ವಾಸನೆ ಇದ್ದಿರಲಿಕ್ಕಿಲ್ಲ, ಎರಡೆರಡು ಸಲ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದೆ. ಆದರೂ ಊರಿಗೆಲ್ಲ ನಾನು ‘ಕಸದ ಮೇಡಮ್ಮ’ ಆಗಿಬಿಟ್ಟಿದ್ದೆ. ನವಲಗುಂದದಲ್ಲಿ ಜಮಖಾನದ ಮಗ್ಗದ ಮುಂದೆ ಕೂತು ಬೆನ್ನು ಬಾಗಿಸಿಕೊಂಡ ನನ್ನ ಅಮ್ಮಿ ದಿನಾ ಸಂಜೆ ಫೋನು ಮಾಡಿ, ಉಂಡೆಯಾ, ಕೆಲಸ ಹೇಗಿದೆ ಎಂದು ಕೇಳುತ್ತಿದ್ದಳು. ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಎಂದಷ್ಟೇ ಹೇಳಿದ್ದೆ. ಕಸದ ಮಾತು ಎತ್ತಿರಲಿಲ್ಲ. ಫೋನು ಇಟ್ಟ ಮೇಲೆ ಮರುದಿನ ಬೆಳಗಿನತನಕ ಯಾರ ಜೊತೆಗೂ ಮಾತಾಡದ ದಿನಗಳು ಬಹಳ ಇದ್ದವು.

ನನ್ನನ್ನು ಒಳಗೆ ಕರೆದು ಕೂಡಿಸುತ್ತಿದ್ದುದು ಒಂದೇ ಮನೆ, ಹದಿನಾಲ್ಕನೆಯ ನಂಬರಿನದು. ಊರ ಕಡೆಯ ಓಣಿಯಲ್ಲಿ, ಇಬ್ಬರು ಅಕ್ಕತಂಗಿಯರು ಇದ್ದ ಮನೆ. ಅಕ್ಕ ಅಂಗನವಾಡಿಯಲ್ಲಿ ಸಹಾಯಕಿ, ತಂಗಿ ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಫೋಟೋ. ನಾನು ಹೋದಾಗಲೆಲ್ಲ ಅಕ್ಕ ಚಾಪೆ ಹಾಸಿ, ಸ್ಟೀಲಿನ ಲೋಟದಲ್ಲಿ ನೀರು ಕೊಡುತ್ತಿದ್ದರು. ಥಂಡಾ ಪಾನೀಯ ಕುಡಿಯುತ್ತೀರಾ ಎಂದು ನಮೂನೆಯ ಪ್ರಕಾರ ಕೇಳಿದಾಗ ಅವರು ಹೇಳಿದ್ದು ಇಷ್ಟೇ:

"ಇಲ್ಲ್ರಿ. ಕೂಸುಗಳಿಗೆ ಕುಡಿಸಬ್ಯಾಡ್ರಿ ಅಂತ ತಾಯಂದಿರಿಗೆ ನಾನ ಹೇಳಾಕಿ. ನಾ ಕುಡದ್ರ ಹೆಂಗ?"

ಆದರೆ ಅವರ ಚೀಲದಲ್ಲಿ ಬಾಟಲಿಗಳಿದ್ದವು. ಮೊದಲ ವಾರ ಸಿಕ್ಕ ಹನ್ನೊಂದರಲ್ಲಿ ಆರು ಅವರ ಚೀಲದ್ದೇ. ಎರಡನೆಯ ವಾರ ಏಳು, ಮೂರನೆಯ ವಾರ ಮತ್ತೆ ಏಳು. ಎಲ್ಲವೂ ಕಿತ್ತಳೆ ಬಣ್ಣದ ಗ್ಯಾಸಿನ ಪಾನೀಯದ ಸಣ್ಣ ಬಾಟಲಿಗಳು. ಇನ್ನೊಮ್ಮೆ ಕೇಳಿದೆ. ಅಕ್ಕ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, "ನಾವು ಕುಡಿಯಂಗಿಲ್ಲ," ಎಂದಷ್ಟೇ ಅಂದರು.

ನಮೂನೆಯಲ್ಲಿ ಒಂದು ಕಾಲಮ್ಮಿತ್ತು: ಬಾಯಿಮಾತಿನ ಉತ್ತರ ಮತ್ತು ಕಸ ತಾಳೆಯಾಗುತ್ತವೆಯೇ? ಒಂದು ಎಂದರೆ ತಾಳೆಯಾಗುತ್ತದೆ. ಎರಡು ಎಂದರೆ ಸ್ವಲ್ಪ ವ್ಯತ್ಯಾಸ. ಮೂರು ಎಂದರೆ ಉತ್ತರ ನಂಬಲರ್ಹವಲ್ಲ. ನಾಲ್ಕು ಎಂದರೆ ಹೊರಗಿನವರ ಕಸ. ನಾಲ್ಕು ಬರೆಯಬೇಕಾದರೆ ಹೊರಗಿನವರ ಹೆಸರು ಮತ್ತು ಸಹಿ ಬೇಕು. ಧಾರವಾಡದಲ್ಲಿದ್ದ ಮೇಲ್ವಿಚಾರಕರಿಗೆ ಫೋನು ಮಾಡಿದೆ.

"ಬಾಯಿ ಸುಳ್ಳು ಹೇಳ್ತದ, ಕಸ ಹೇಳೂದಿಲ್ಲ," ಎಂದರು ಅವರು. "ಮೂರು ಅಂತ ಬರೀರಿ."

ಬರೆದೆ. ಒಂದು ಗುರುತು ಎದುರಿಗೇ ಇತ್ತು, ನನಗೆ ಹೊಳೆಯಲಿಲ್ಲ. ಊರಿಗೆ ಊರೇ ಬಾಟಲಿ ಇಟ್ಟುಕೊಂಡು ಲೇಬಲ್ ಮಾತ್ರ ಹಾಕುತ್ತಿದ್ದಾಗ, ಇಬ್ಬರು ದುಡಿಯುವ ಹೆಂಗಸರ ಮನೆಯಿಂದ ಮಾತ್ರ ಗಟ್ಟಿಮುಟ್ಟಾದ ಬಾಟಲಿಗಳು ಲೇಬಲ್ಲು, ಮುಚ್ಚಳದ ಸಮೇತ ಯಾಕೆ ಬರುತ್ತಿದ್ದವು? ಅದನ್ನು ನಾನು ಕೇಳಿಕೊಳ್ಳಬೇಕಿತ್ತು. ಮೂರು ಎಂಬ ಅಂಕಿ ಬರೆಯುವುದು ಸುಲಭವಾಗಿತ್ತು.

ದಸರೆಗೆ ಮೊದಲು ತೆರಿಗೆಯ ದರಗಳು ಬದಲಾದವು. ಗ್ಯಾಸಿನ ಸಿಹಿ ಪಾನೀಯಗಳು ಎಲ್ಲಕ್ಕಿಂತ ಮೇಲಿನ ದರದಲ್ಲೇ ಉಳಿದವು. ಗ್ಯಾಸಿಲ್ಲದ, ಹಣ್ಣಿನ ರಸದ ಹೆಸರಿನ ಪಾನೀಯಗಳ ತೆರಿಗೆ ಇಳಿಯಿತು. ಹಳ್ಳಿಯ ಅಂಗಡಿಗೆ ಅದು ಮುಟ್ಟಲು ಕೆಲವು ವಾರ ಹಿಡಿಯಿತು. ಒಂದು ದಿನ ನೋಡಿದರೆ ಅಂಗಡಿಯವನು ಫ್ರಿಜ್ಜಿನ ಮೇಲಿನ ಎರಡು ಸಾಲು ತೆರವು ಮಾಡಿ ಮಾವಿನ ಜ್ಯೂಸಿನ ಪೊಟ್ಟಣಗಳನ್ನು ಜೋಡಿಸುತ್ತಿದ್ದ.

"ಇನ್ನ ಇದ ನಡೀತೈತಿ ನೋಡ್ರಿ," ಎಂದ. "ಇದು ಸೋವಿ ಆತು, ಅದು ತುಟ್ಟೀನ ಉಳೀತು. ಮ್ಯಾಲ ಟೀವಿಯಾಗ ಬ್ಯಾರೆ ಹೇಳ್ಯಾರು, ಗ್ಯಾಸಿಂದು ಕೆಟ್ಟದ್ದು, ಅದಕ್ಕ ಟ್ಯಾಕ್ಸ ಜಾಸ್ತಿ ಅಂತ."

ಚೀಲಗಳು ಬದಲಾದವು. ಗ್ಯಾಸಿನ ಪಾನೀಯದ ಲೇಬಲ್ಲುಗಳು ವಾರದಿಂದ ವಾರಕ್ಕೆ ಇಳಿಯುತ್ತ ಬಂದವು. ಮೇಲ್ವಿಚಾರಕರಿಗೆ ಸಂತೋಷವಾಯಿತು. ತೆರಿಗೆ ಕೆಲಸ ಮಾಡುತ್ತಿದೆ ಎಂದರು. ನಾನು ಶೆಡ್ಡಿನಲ್ಲಿ ಕೂತು ಮಾವಿನ ಪೊಟ್ಟಣಗಳನ್ನು ರಾಶಿ ಹಾಕುತ್ತಿದ್ದೆ. ಅವುಗಳಿಗೆ ನಮೂನೆಯಲ್ಲಿ ಪ್ರತ್ಯೇಕ ಜಾಗವಿರಲಿಲ್ಲ. ‘ಇತರೆ’ ಎಂಬ ಒಂದೇ ಕಾಲಮ್ಮಿನಲ್ಲಿ ಬಿಸ್ಕಿಟ್ಟು, ಚಿಪ್ಸಿನ ಕಾಗದಗಳ ಜೊತೆ ಸೇರಿಸಬೇಕಿತ್ತು. ಒಂದು ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ಪಕ್ಕದಲ್ಲಿ ಕಿತ್ತಳೆ ಬಾಟಲಿಯ ಲೇಬಲ್ ಇಟ್ಟು ನೋಡಿದೆ. ನೂರು ಮಿಲಿಗೆ ಸಕ್ಕರೆ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ, ಮಾವಿನದರಲ್ಲಿ ತುಸು ಹೆಚ್ಚೇ. ಹದಿನಾಲ್ಕನೆಯ ಚೀಲದಲ್ಲೂ ಕಿತ್ತಳೆ ಬಾಟಲಿಗಳು ನಿಂತುಹೋಗಿದ್ದವು. ಬದಲಿಗೆ ವಾರಕ್ಕೆ ಹದಿಮೂರು, ಹದಿನಾಲ್ಕು ಮಾವಿನ ಪೊಟ್ಟಣ. ಮೊದಲಿನ ಇಮ್ಮಡಿ.

ಮೇಲ್ವಿಚಾರಕರು ಊರಿಗೆ ಬಂದದ್ದು ಆಗಲೇ. ನಿಯಮದಂತೆ ‘ಮೂರು’ ಎಂದು ಬರೆದ ಮನೆಗಳಿಗೆ ಅವರೇ ಹೋಗಿ ಮತ್ತೊಮ್ಮೆ ವಿಚಾರಿಸಬೇಕು. ಹದಿನಾಲ್ಕನೆಯ ಮನೆಗೆ ನಾವು ಹೋದಾಗ ಅಕ್ಕ ಇನ್ನೂ ಅಂಗನವಾಡಿಯಲ್ಲಿದ್ದರು. ನಾವು ಅಲ್ಲಿಗೇ ಹೋದೆವು. ಮಕ್ಕಳನ್ನು ಕರೆದೊಯ್ಯಲು ಬಂದ ಏಳೆಂಟು ತಾಯಂದಿರು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಮನಿ ಲೆಕ್ಕ ತಾಳಿ ಆಗವಲ್ದು," ಎಂದರು ಮೇಲ್ವಿಚಾರಕರು, ದನಿ ತಗ್ಗಿಸದೆ. "ಕುಡಿಯಂಗಿಲ್ಲ ಅಂತೀರಿ. ಚೀಲದಾಗ ನೋಡಿದ್ರ ವಾರಕ್ಕ ಹದಿನಾಲ್ಕು. ಕುಡದ್ರ ತಪ್ಪೇನಿಲ್ಲ, ಖರೆ ಹೇಳ್ರಿ ಅಷ್ಟ."

ಯಾರೋ ಒಬ್ಬಾಕೆ ಸೆರಗಿನಲ್ಲಿ ನಕ್ಕಳು. ಇನ್ನೊಬ್ಬಾಕೆ, "ನಮಗ ಶಾಣ್ಯಾತನ ಹೇಳೂದು, ಮನಿಯಾಗ ತಾವ ಕುಡಿಯೂದು," ಎಂದು ಮಗುವಿನ ಕೈ ಹಿಡಿದು ಹೊರಟಳು. ಅಕ್ಕ ಮೇಲ್ವಿಚಾರಕರ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ಬರದಾಕಿ ನೀವ ಏನ್ರಿ ಮೇಡಮ್ಮಾರ?"

"ಹೌದ್ರಿ," ಎಂದೆ.

ಅವತ್ತು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಹದಿನಾಲ್ಕನೆಯ ನಂಬರಿನ ಹಳದಿ ಚೀಲ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಮರುದಿನ ಇನ್ನೊಂದು ಚೀಲ ತೆಗೆದುಕೊಂಡು ಹೋದೆ. ಒಳಗೆ ಕರೆಯಲಿಲ್ಲ. ತಂಗಿ ಹೊಲಿಗೆ ಬಿಟ್ಟು ಏಳದೆಯೇ, "ಹಿತ್ತಲ ಗ್ವಾಡಿ ಮ್ಯಾಲ ಮೊಳೀ ಐತಿ, ಅಲ್ಲೇ ಹಾಕಿ ಹೋಗ್ರಿ, ಮೊದ್ಲಿಂದ ಅಲ್ಲೇ ಇತ್ತು," ಎಂದಳು. ಹಿತ್ತಲಿಗೆ ಹೋಗಿ ನೋಡಿದೆ. ಗೋಡೆ ಎದೆಮಟ್ಟದ್ದು. ಗೋಡೆಯ ಆಚೆಗೆ ಹಾದಿ, ಹಾದಿಯ ಅಂಚಿಗೆ ಕಲ್ಲು ಮುಚ್ಚಿದ ನೀರಿನ ವಾಲ್ವಿನ ಗುಂಡಿ. ಹಾದಿಯಲ್ಲಿ ಹೋಗುವ ಯಾರೇ ಆದರೂ ಕೈ ಚಾಚಿದರೆ ಚೀಲ ಸಿಗುತ್ತಿತ್ತು. ಇಷ್ಟು ವಾರ ಅದೇ ಚೀಲವನ್ನು ಎತ್ತಿಕೊಂಡು ಹೋಗಿದ್ದೆ, ಒಮ್ಮೆಯೂ ಆ ಹಾದಿಯನ್ನು ನೋಡಿರಲಿಲ್ಲ.

ಮೂರು ದಿನ ನಸುಕಿನಲ್ಲಿ ಎದ್ದು ಹೋಗಿ, ಹಾದಿಯ ಆಚೆ ಮೇವಿನ ಬಣಿವೆಯ ಹತ್ತಿರ ನಿಂತೆ. ಮೊದಲ ಎರಡು ದಿನ ಏನೂ ಕಾಣಲಿಲ್ಲ, ಕರೆಂಟಿಲ್ಲದೆ ಟಾಕಿ ತುಂಬಿರಲಿಲ್ಲ, ನೀರು ಬಿಟ್ಟಿರಲಿಲ್ಲ. ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಊರಿನ ವಾಟರ್‌ಮನ್ ಬಂದರು. ಐವತ್ತೈದರ ಆಸುಪಾಸಿನ ಮನುಷ್ಯ. ಟಾಕಿಯಿಂದ ಓಣಿಗಳಿಗೆ ನೀರು ಬಿಡುವುದೂ ಗಟಾರ ತೆಗೆಯುವುದೂ ಅವರದೇ ಕೆಲಸ. ಕುಂಟುತ್ತಿದ್ದರು. ಕಲ್ಲು ಸರಿಸಿ, ಉದ್ದನೆಯ ಕಬ್ಬಿಣದ ಚಾವಿ ಇಳಿಸಿ ವಾಲ್ವ್ ತಿರುವಿದರು. ಆಮೇಲೆ ಅದೇ ಕಲ್ಲಿನ ಮೇಲೆ ಕೂತು, ಅಂಗಿಯ ಒಳಗಿನಿಂದ ಮಾವಿನ ಪೊಟ್ಟಣ ತೆಗೆದು ನಳಿಕೆ ಚುಚ್ಚಿ ಕುಡಿದರು. ಅವಸರವಿರಲಿಲ್ಲ. ಅದು ಮುಗಿದ ಮೇಲೆ ಇನ್ನೊಂದು. ಎರಡನ್ನೂ ಚಪ್ಪಟೆ ಮಾಡಿ, ಎದ್ದು, ಗೋಡೆಯ ಮೇಲಿಂದ ಕೈ ಚಾಚಿ ಚೀಲಕ್ಕೆ ಹಾಕಿದರು.

"ಕಾಕಾ," ಎಂದೆ.

ಅವರು ಬೆಚ್ಚಲಿಲ್ಲ. "ಬರ್ರಿ ಮೇಡಮ್ಮಾರ. ನಿಮ್ಮ ಕಡೆ ನೀರ ಬಂದಿಲ್ಲೇನು?"

"ನೀರಿನ ಸಲುವಾಗಿ ಬಂದಿಲ್ಲ. ಆ ಚೀಲ ನಂದು."

ಚೀಲದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಮತ್ತೆ ಕಲ್ಲಿನ ಮೇಲೆ ಕೂತರು. "ಗಟಾರಕ್ಕ ಒಗದ್ರ ನಾಳಿ ನಾನ ತೆಗೀಬೇಕ್ರಿ. ಮನಿಗೆ ಒಯ್ದ್ರ ಹೆಂಡ್ತಿ ಕಿಸೆ ತಪಾಸ ಮಾಡ್ತಾಳ. ಇಲ್ಲೆ ಚೀಲ ಕಂಡ್ತು, ಹಾಕಿದೆ."

"ಹೆಂಡ್ತಿ ಯಾಕ ತಪಾಸ ಮಾಡ್ತಾರ?"

"ಶುಗರ್ ಐತ್ರಿ ನನಗ. ಒಂಬತ್ತ ವರ್ಷ ಆತು. ಮನಿಯಾಗ ಚಾಕ್ಕ ಸಕ್ರಿ ಇಲ್ಲ, ಹಬ್ಬಕ್ಕ ಹೋಳಿಗಿ ಇಲ್ಲ. ಆಕಿ ತಾನೂ ಬಿಟ್ಟಾಳ."

ಬಲಗಾಲಿನ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು. ಹೆಸರುಕಾಳಿನ ಸುಗ್ಗಿಯಲ್ಲಿ ಆದ ಗಾಯವಂತೆ, ಇನ್ನೂ ಮಾಯ್ದಿರಲಿಲ್ಲ. ಹಾಗಿದ್ದೂ ಯಾಕೆ ಕುಡಿಯುತ್ತೀರಿ ಎಂದು ಕೇಳಿದೆ. ಅವರು ವಾಲ್ವಿನ ಗುಂಡಿಗೆ ಬಗ್ಗಿ ಹರಿಯುವ ನೀರಿನ ಸಪ್ಪಳ ಆಲಿಸಿದರು.

"ದಿನಾ ನೀರ ಏರೂತನಕ ತಾಸಗಟ್ಲೆ ಒಬ್ಬಾಂವ ಕುಂದ್ರಬೇಕ್ರಿ. ಇಡೀ ಊರ ಮಲಗಿರ್ತೈತಿ. ಕೈಯಾಗ ಒಂದ ಬಾಟ್ಲಿ ಇದ್ರ ಯಾರೋ ಬಾಜೂಕ ಕುಂತಂಗ ಅಕ್ಕೈತಿ. ಬೀಡಿ ಬಿಟ್ಟೆ, ಎಲಿ ಅಡಿಕಿ ಬಿಟ್ಟೆ. ಇದೊಂದ ಉಳೀತು."

ಅವರೇ ಮುಂದುವರಿಸಿದರು. "ಈಗ ಗ್ಯಾಸಿಂದು ಬಿಟ್ಟೇನ್ರಿ. ಅದು ಕೆಟ್ಟದ್ದಂತ ಸರ್ಕಾರ ಅದಕ್ಕ ಟ್ಯಾಕ್ಸ ಹಾಕೈತಿ. ಇದಕ್ಕ ಇಳಿಸೈತಿ. ಅಂದ್ರ ಇದು ಹಣ್ಣಿಂದು, ಶುಗರ್‌ದವರಿಗೂ ನಡೀತೈತಿ. ಅದಕ್ಕ ಒಂದಿದ್ದದ್ದು ಎರಡ ಮಾಡೇನಿ."

ನಾನು ಚೀಲದಿಂದ ಪೊಟ್ಟಣ ತೆಗೆದು ಹಿಂದಿನ ಅಕ್ಷರಗಳನ್ನು ಓದಿ ಹೇಳಿದೆ. ಕಿತ್ತಳೆ ಬಾಟಲಿಯಲ್ಲಿ ಎಷ್ಟಿತ್ತು, ಇದರಲ್ಲಿ ಎಷ್ಟಿದೆ ಎಂದು ಚಮಚದ ಲೆಕ್ಕದಲ್ಲಿ ತಿಳಿಸಿದೆ. ಅವರು ಪೊಟ್ಟಣ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮಾವಿನಹಣ್ಣ ಐತೆಲ್ರಿ ಇದರ ಮ್ಯಾಲ?"

"ಚಿತ್ರ ಐತಿ ಕಾಕಾ."

"ಮತ್ತ ಸರ್ಕಾರ ಯಾಕ ಇಳಿಸ್ತು?"

ನಾನು ಪೊಟ್ಟಣ ಇಸಿದುಕೊಂಡು ಮತ್ತೆ ಚೀಲಕ್ಕೆ ಹಾಕಿದೆ. ಹದಿನಾಲ್ಕನೆಯ ಮನೆಯವರ ಮೇಲೆ ಎಂಥ ಮಾತು ಬಂದಿದೆ ಎಂಬುದನ್ನು ವಿವರಿಸಿ, ನಮೂನೆಗೆ ಅವರ ಹೆಸರು ಮತ್ತು ಸಹಿ ಬೇಕು ಎಂದೆ. ಅವರು ಎದ್ದು ನಿಂತರು.

"ಹೆಸರ ಬರೀಬ್ಯಾಡ್ರಿ ತಂಗೀ. ಕಾಲ ಹಿಂಗ ಆಗೈತಿ ಅಂತ ಪಂಚಾಯ್ತಿಯಾಗ ಗೊತ್ತಾದ್ರ ಬ್ಯಾರೆದಂವನ್ನ ಹಾಕ್ತಾರ. ಆಕಿಗೆ ಗೊತ್ತಾದ್ರಂತೂ... ಒಂಬತ್ತ ವರ್ಷ ಹೋಳಿಗಿ ತಿಂದಿಲ್ಲ ಆಕಿ."

ಹೆಸರು ಬರೆಯುವುದಿಲ್ಲ, ಆದರೆ ಮನೆಯಲ್ಲಿ ನೀವಾಗಿಯೇ ಹೇಳಬೇಕು, ಕಾಲನ್ನು ಡಾಕ್ಟರಿಗೆ ತೋರಿಸಬೇಕು ಎಂದೆ. ಅವರು ಕಾಲಿನ ಬಟ್ಟೆ ಬಿಗಿದುಕೊಂಡರು. ಚಾವಿ ಹೆಗಲಿಗೇರಿಸಿಕೊಂಡು ಮುಂದಿನ ಓಣಿಗೆ ಕುಂಟುತ್ತ ಹೋದರು.

ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರು ಎಂಬ ಅಂಕಿ ಹಾಗೇ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ, ಆ ಒಬ್ಬ ಹೆಂಗಸನ್ನು ಬಿಟ್ಟರೆ. ನಾಲ್ಕು ಬರೆದು ಹೆಸರು ಕೊಟ್ಟರೆ ಆ ಮನುಷ್ಯನ ಕೆಲಸ ಹೋಗಬಹುದು. ನಾಲ್ಕು ಬರೆದು ಹೆಸರು ಕೊಡದಿದ್ದರೆ ನಮೂನೆ ತಿರಸ್ಕಾರವಾಗುತ್ತದೆ, ನನ್ನ ಮೇಲಿನ ನಂಬಿಕೆಯೂ ಹೋಗುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಆ ಊರಿನಲ್ಲಿ ನಾನು ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ಆ ಅಕ್ಕ. ಅಮ್ಮಿಯ ಫೋನು ಬಂದಾಗ ಹೇಳಲು ಬಾಯಿ ತೆರೆದೆ. ಕಸದಿಂದ ಶುರುಮಾಡಬೇಕಾಗುತ್ತದಲ್ಲ ಎಂದು, ಉಂಡೆ ಎಂದಷ್ಟೇ ಹೇಳಿದೆ.

ಮೂರನೆಯ ದಿನ ಅಂಗನವಾಡಿ ಬಿಡುವ ಹೊತ್ತಿಗೆ ಹೋದೆ. ಯಾವ ಬಾಗಿಲಲ್ಲಿ ಆ ಮಾತು ಆಡಲಾಗಿತ್ತೋ ಅದೇ ಬಾಗಿಲಲ್ಲಿ, ತಾಯಂದಿರೆಲ್ಲ ಇದ್ದಾಗಲೇ ನಿಂತು ಹೇಳಿದೆ: ಆ ಚೀಲದಲ್ಲಿ ಸಿಕ್ಕಿದ್ದು ಈ ಅಕ್ಕಾರ ಮನೆಯ ಕಸವಲ್ಲ. ಬೇರೆಯವರು ಹಾಕಿದ್ದು. ನಾನೇ ಕಣ್ಣಿಂದ ನೋಡಿದ್ದೇನೆ. ಯಾರೆಂದು ಹೇಳಲು ಬರುವುದಿಲ್ಲ. ವಿಚಾರಿಸದೆ ಬರೆದದ್ದು ನನ್ನ ತಪ್ಪು.

ನಗುವವರು ಯಾರೂ ಇರಲಿಲ್ಲ. ಯಾರೆಂದು ತಿಳಿಯುವ ಆಸೆ ಮಾತ್ರ ಎಲ್ಲರ ಮುಖದಲ್ಲಿತ್ತು. ಅಕ್ಕ ಮಕ್ಕಳ ತಟ್ಟೆ ತೊಳೆಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಆತು ಬಿಡ್ರಿ," ಎಂದರು. "ಊರ ಕಸ ನಮ್ಮ ಬಾಗಲಿಗೆ ಬರೂದು ಹೊಸಾದಲ್ಲ."

ಅವತ್ತೇ ಹಿತ್ತಲ ಗೋಡೆಯ ಮೊಳೆಯಿಂದ ಚೀಲ ತೆಗೆದು ಪಡಸಾಲೆಯ ಒಳಗೆ ನೇತುಹಾಕಿಸಿದೆ. ನಮೂನೆಯಲ್ಲಿ ಮೂರನ್ನು ಹೊಡೆದು ನಾಲ್ಕು ಬರೆದು, ಹೆಸರಿನ ಜಾಗದಲ್ಲಿ ‘ಕೊಡುವುದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಯಾರೂ ಹೇಳದ ಇನ್ನೊಂದು ಕೆಲಸ ಹಿಡಿದೆ. ಎಲ್ಲ ವಾರಗಳ ಫೋಟೋಗಳು ನನ್ನ ಬಳಿ ಇದ್ದವು. ‘ಇತರೆ’ ಕಾಲಮ್ಮಿಗೆ ಹೋಗಿದ್ದ ಒಂದೊಂದು ಜ್ಯೂಸಿನ ಪೊಟ್ಟಣವನ್ನೂ ಹುಡುಕಿ, ಅದರ ಅಳತೆ, ಅದರ ಸಕ್ಕರೆ ಎರಡನ್ನೂ ಬರೆದು, ಮನೆವಾರು ಕೂಡಿಸಿದೆ. ತೆರಿಗೆಯಿಂದ ಏನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಎಂಟು ಮನೆಗಳು ನಿಜವಾಗಿಯೂ ಬಿಟ್ಟಿದ್ದವು, ಅವರ ಚೀಲದಲ್ಲಿ ಬದಲಿಗೆ ಏನೂ ಬಂದಿರಲಿಲ್ಲ. ಉಳಿದ ಮನೆಗಳಲ್ಲಿ ಬಾಟಲಿ ಇಳಿದಿತ್ತು, ಸಕ್ಕರೆ ಇಳಿದಿರಲಿಲ್ಲ. ಒಂದು ಹಾಳೆಯಲ್ಲಿ ಅಷ್ಟನ್ನು ಬರೆದು ನಮೂನೆಗಳ ಜೊತೆ ಲಗತ್ತಿಸಿದೆ.

ಮೇಲ್ವಿಚಾರಕರು ಹಾಳೆಯನ್ನು ಎರಡು ಸಲ ಓದಿದರು.

"ಇದನ್ನ ನಿಮಗ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ ಸರ್."

"ನೀವು ಹೇಳೂದು ಖರೆ ಇರಬಹುದು," ಎಂದರು, ಸಿಟ್ಟಿಲ್ಲದೆ. "ಆದ್ರ ನಾವು ಕೇಳಿದ ಪ್ರಶ್ನಿ ಅದಲ್ಲ. ಹದಿನಾಲ್ಕನೇ ಮನಿ ಲೆಕ್ಕದಿಂದ ತೆಗೀತೀನಿ. ಹೆಸರಿಲ್ಲದ ನಾಲ್ಕು ನಡಿಯೂದಿಲ್ಲ. ಈ ಹಾಳಿ ಫೈಲಿನಾಗ ಇರ್ಲಿ."

ಮುಂದಿನ ಊರಿನ ಕೆಲಸ ಬೇರೆಯವರಿಗೆ ಹೋಯಿತು. ಈ ಊರಿನ ಕಡೆಯ ಎಣಿಕೆ ಮುಗಿಸಿ ಬರಬೇಕೆಂದು ನನಗೆ ಹೇಳಿದರು.

ಕಡೆಯ ವಾರಕ್ಕೆ ಮೊದಲು ವಾಟರ್‌ಮನ್ ಶೆಡ್ಡಿನ ಹೊರಗೆ ಬಂದು ನಿಂತರು. ಕಾಲಿಗೆ ಬಿಳಿ ಪಟ್ಟಿ, ಅಚ್ಚುಕಟ್ಟಾಗಿ ಕಟ್ಟಿದ್ದು. "ಆಕಿಗೆ ಹೇಳೇನ್ರಿ," ಎಂದರು. "ಎರಡ ದಿನ ಮಾತಾಡಲಿಲ್ಲ. ಆಮ್ಯಾಲ ತಾನ ದವಾಖಾನಿಗೆ ಕರಕೊಂಡ ಹ್ವಾದ್ಲು. ಬೆರಳ ಉಳದ್ರೂ ಉಳೀಬಹುದಂತ."

"ಆ ಅಕ್ಕಾರಿಗೂ ಒಂದ ಮಾತ ಹೇಳ್ರಿ ಕಾಕಾ."

ಅವರು ನೆಲ ನೋಡಿದರು. "ಅದು ಬ್ಯಾಡ್ರಿ," ಎಂದರು. ಬಂದ ದಾರಿಯಲ್ಲೇ ಹೊರಟುಹೋದರು.

ಕಡೆಯ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಒಬ್ಬಳೇ ಕೂತಿದ್ದೆ. ಹೊರಗೆ ಹತ್ತಿ ಬಿಡಿಸಲು ಹೋದವರ ಗಾಡಿಗಳು ತಿರುಗಿ ಬರುತ್ತಿದ್ದವು. ಬಾಗಿಲಲ್ಲಿ ನೆರಳು ಬಿತ್ತು. ಹದಿನಾಲ್ಕನೆಯ ಮನೆಯ ಅಕ್ಕ, ತಮ್ಮ ಚೀಲವನ್ನು ತಾವೇ ಹೊತ್ತು ತಂದಿದ್ದರು. ನಾಲ್ಕು ತಿಂಗಳಲ್ಲಿ ಆ ಶೆಡ್ಡಿನ ಒಳಗೆ ಕಾಲಿಟ್ಟ ಮೊದಲ ಮನುಷ್ಯರು ಅವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾಡಪತ್ರಿಯ ಆಚೆ ಬದಿಗೆ ಕೂತು, ನನ್ನ ಹತ್ತಿರ ಇದ್ದ ಇನ್ನೊಂದು ಜೊತೆ ಕೈಗವಸು ಕೇಳಿ ಇಸಿದುಕೊಂಡು ಹಾಕಿಕೊಂಡರು. ನಾನು ಹೇಗೆ ಲೇಬಲ್ ಬಿಡಿಸುತ್ತೇನೆಂದು ನೋಡಿ ಹಾಗೆಯೇ ಬಿಡಿಸತೊಡಗಿದರು. ಎರಡು ಚೀಲ ಮುಗಿದವು.

"ಯಾರ ಹಾಕ್ತಾರಂತ ನನಗ ಮೊದಲನೇ ವಾರನ ಗೊತ್ತಿತ್ತ್ರಿ," ಎಂದರು ಆಮೇಲೆ, ತಲೆ ಎತ್ತದೆ. "ನಸುಕಿನಾಗ ವಾಲ್ ತಿರುವೂ ಸಪ್ಪಳಾ ಬರ್ತೈತಿ. ಸ್ವಲ್ಪ ಹೊತ್ತಿಗೆ ಚೀಲದಾಗ ಬಿದ್ದ ಸಪ್ಪಳಾ."

"ಮತ್ತ ಸರ್ ಬಂದಾಗ ಯಾಕ ಹೇಳಲಿಲ್ಲ ಅಕ್ಕಾರ?"

"ನಮ್ಮ ಓಣಿ ಕಡೀಕ ಐತಿ. ಅಂವಾ ವಾಲ್ ಅರ್ಧಾ ತಿರುವಿದ್ರ ನಮ್ಮ ನಳಕ್ಕ ನೀರ ಏರಂಗಿಲ್ಲ. ಹ್ವಾದ ವರ್ಷ ಏನೋ ಮಾತಿಗೆ ಮಾತ ಬಂದು ಎಂಟ ದಿನ ನೀರ ಇರಲಿಲ್ಲ. ಕೇಳಾಕ ಹ್ವಾದ್ರ, ಪಂಪ್ ಕೆಟ್ಟೈತಿ ಅಂದ." ಒಂದು ಲೇಬಲ್ಲನ್ನು ನಿಧಾನವಾಗಿ ಹಲಗೆಯ ಮೇಲೆ ಸವರಿದರು. "ನಂದೊಂದ ಹೆಸರ ಹ್ವಾದ್ರ ಹೋಗ್ಲಿ. ಇಪ್ಪತ್ತ ಮನಿ ನೀರ್ರಿ ಅದು."

ಹೆಸರು ಹೇಳದೆ ಇದ್ದದ್ದು ನನ್ನ ದೊಡ್ಡತನ ಎಂದುಕೊಂಡಿದ್ದೆ. ಅದೇ ಹೆಸರನ್ನು ಅವರು ನನಗಿಂತ ಮೊದಲಿನಿಂದ ನುಂಗಿಕೊಂಡು ಕೂತಿದ್ದರು. ನಾನು ಅವರ ಮನೆಯ ನಂಬರಿನ ಎದುರು ‘ಮೂರು’ ಬರೆದಾಗಲೂ.

"ಈಗ ಯಾಕ ಹೇಳಾಕತ್ತೀರಿ?"

"ನೀವು ನಾಳಿ ಹೊಂಟೀರಲ್ಲ."

ಪೆನ್ನು ನನ್ನ ಕೈಯಲ್ಲೇ ಇತ್ತು. ಅದನ್ನು ನೋಡಿ, "ಇದನ್ನ ಎಲ್ಲಿ ಬರೀತೀರಿ?" ಎಂದು ಕೇಳಿದರು.

ನಮೂನೆಯ ಹಾಳೆಗಳನ್ನು ತಿರುವಿ ಹಾಕಿದೆ. "ಎಲ್ಲೂ ಜಾಗ ಇಲ್ಲ್ರಿ," ಎಂದೆ.

"ಹಂಗಾರ ಎಣಸೂಣು ಬರ್ರಿ. ಹೊತ್ತ ಮುಣಗಿದ್ರ ಇಲ್ಲೆ ಏನೂ ಕಾಣಂಗಿಲ್ಲ."

ಅವರೇ ತಮ್ಮ ಚೀಲದ ಬಾಯಿ ಬಿಚ್ಚಿ ನಮ್ಮಿಬ್ಬರ ನಡುವೆ ಸುರುವಿದರು. ಬಣ್ಣಬಣ್ಣದ ದಾರದ ತುಂಡುಗಳು, ಕುಪ್ಪಸದ ಬಟ್ಟೆಯ ಚೂರುಗಳು, ಒಂದು ಸೋಪಿನ ಕಾಗದ, ಎರಡು ಮುರಿದ ಸೂಜಿ. ಬೇರೇನೂ ಇರಲಿಲ್ಲ. ಲೆಕ್ಕಕ್ಕೆ ಬರದ ಮನೆಯಾದರೂ ನಾನು ನಂಬರು ಹಾಕಿ ಅಷ್ಟನ್ನೂ ಬರೆದುಕೊಂಡೆ.